ಬಲಗಿವಿಯ ಎರಡು ಕಚ್ಚು

ಟಗರು ಕೋರ್ಟಿಗೆ ಬಂದದ್ದು ಒಂದೇ ಒಂದು ಸಲ. ಅಂದು ಅದು ಕಾರಿಡಾರಿನ ಬೆಂಚಿನ ಮೇಲಿದ್ದ ವಕೀಲ ತಾಬಲ್ದಿಯ ಅರ್ಜಿಯನ್ನು ತಿಂದುಹಾಕಿತು. ಅರ್ಜಿಯ ಎರಡನೆಯ ಪುಟವನ್ನು ತಾಬಲ್ದಿ ಇನ್ನೂ ಬರೆದೇ ಇರಲಿಲ್ಲವಾದ್ದರಿಂದ ಅವನಿಗೆ ಟಗರಿನ ಮೇಲೆ ಸಿಟ್ಟು ಬರಲಿಲ್ಲ. ಒಂದು ತಿಂಗಳ ವಾಯಿದೆ ಸಿಕ್ಕಿತು. ಮರುದಿನ ಬಾಗಿಲಿಗೆ ನೋಟೀಸು ಅಂಟಿಸಿದರು. ಮೊಕದ್ದಮೆಗೆ ಸಂಬಂಧಪಟ್ಟಿದ್ದರೂ ಸರಿಯೆ, ಜಾನುವಾರುಗಳಿಗೆ ಕಟ್ಟಡದೊಳಗೆ ಪ್ರವೇಶವಿಲ್ಲ. ಹೀಗಾಗಿ ಆಗಸ್ಟಿನಲ್ಲಿ ಕೋರ್ಟೇ ಟಗರು ಇದ್ದಲ್ಲಿಗೆ ಹೋಗಬೇಕಾಯಿತು.

ನಾನು ಆ ಕೋರ್ಟಿನ ಕಾರ್ಯದರ್ಶಿ. ರಾಜಧಾನಿ ಬಿಷ್ಕೆಕ್‌ನಲ್ಲಿ ಐದು ವರ್ಷ ತತ್ತ್ವಶಾಸ್ತ್ರ ಓದಿ, ಕಣಿವೆಯ ಈ ಸಣ್ಣ ಪಟ್ಟಣಕ್ಕೆ ಬಂದು, ಬೇರೆಯವರು ಆಡಿದ್ದನ್ನು ಬರೆದುಕೊಳ್ಳುವ ಕೆಲಸ ಹಿಡಿದವನು. ನಮ್ಮ ನಮೂನೆಯಲ್ಲಿ ಪ್ರಶ್ನೆಗೆ ಒಂದು ಸಾಲಿದೆ, ಉತ್ತರಕ್ಕೆ ಒಂದು ಸಾಲಿದೆ. ಮನುಷ್ಯ ಸುಮ್ಮನಾದರೆ ‘ಉತ್ತರಿಸಲಿಲ್ಲ’ ಎಂದು ಬರೆಯಬೇಕು. ತಪ್ಪು ಮಾಡಿದವನೂ ಉತ್ತರಿಸುವುದಿಲ್ಲ, ಪ್ರಶ್ನೆ ಕೇಳಿದವನ ಬಗ್ಗೆ ನಾಚಿಕೆಯಾದವನೂ ಉತ್ತರಿಸುವುದಿಲ್ಲ. ಕಾಗದದ ಮೇಲೆ ಇಬ್ಬರೂ ಒಂದೇ. ಆರೋಪಿ ಜುಮಾಕದಿರನ ಕಡತದಲ್ಲಿ ಮೂರು ಪುಟ ಹೀಗೇ ತುಂಬಿತ್ತು. ಅವನು ಇವರಲ್ಲಿ ಯಾವನು ಎಂಬುದು ನನಗೆ ನಾಲ್ಕು ತಿಂಗಳಾದರೂ ಗೊತ್ತಾಗಿರಲಿಲ್ಲ.

ಮೊಕದ್ದಮೆ ಸರಳವಾದದ್ದು. ಏಪ್ರಿಲ್‌ನಲ್ಲಿ ಎಸೆನ್‌ಕುಲ್ ಎಂಬ ಅನುಕೂಲಸ್ಥನ ಬಿಳಿ ಟಗರೊಂದು ಕಾಣೆಯಾಯಿತು. ಅಂಥದೇ ಬಿಳಿ ಟಗರು ಊರ ಕುರಿ ಕಾಯುವ ಜುಮಾಕದಿರನ ದೊಡ್ಡಿಯಲ್ಲಿ ಕಂಡಿತು. ಎಸೆನ್‌ಕುಲ್ ನನ್ನದು ಎಂದ, ಜುಮಾಕದಿರ್ ನನ್ನದು ಎಂದ. ಅವನು ಆಡಿದ್ದು ಅದೊಂದೇ ಮಾತು. ಅಲ್ಲಿಂದ ಮುಂದೆ ಬಾಯಿ ಬಿಡಲಿಲ್ಲ. ಕುರಿ ಕದ್ದರೆ ನಮ್ಮಲ್ಲಿ ಮೂರು ವರ್ಷ ಜೈಲು. ಅವನಿಗೆ ಐವತ್ತೆರಡು ವಯಸ್ಸು, ಮನೆಯಲ್ಲಿ ಕಾಯಿಲೆಯ ಹೆಂಡತಿ.

ಎಲ್ಲ ನಿಂತಿದ್ದು ಟಗರಿನ ಬಲಗಿವಿಯ ಮೇಲೆ. ಊರಿನ ಪ್ರತಿ ಮನೆತನಕ್ಕೂ ಮರಿಯ ಕಿವಿಯಂಚನ್ನು ಕತ್ತರಿಸಿ ಹಾಕುವ ತಮ್ಮದೇ ಕಚ್ಚು ಇರುತ್ತದೆ. ಜುಮಾಕದಿರನ ಮನೆಯದು ಕಿವಿಯ ತುದಿಯಲ್ಲಿ ಒಂದು ಕಚ್ಚು. ಎಸೆನ್‌ಕುಲನ ಮನೆಯದು ತುದಿಯಲ್ಲೊಂದು, ಹಿಂದಿನ ಅಂಚಿನಲ್ಲಿ ಇನ್ನೊಂದು. ಇಬ್ಬರ ಮುತ್ತಜ್ಜಂದಿರೂ ಅಣ್ಣತಮ್ಮಂದಿರು. ಪಾಲಾದಾಗ ತಮ್ಮ ಒಂದು ಕಚ್ಚು ಹೆಚ್ಚಿಗೆ ಹಾಕಿಕೊಂಡನಂತೆ. ಟಗರನ್ನು ವಶಪಡಿಸಿಕೊಂಡ ಪೊಲೀಸಿನವನು ‘ಬಲಗಿವಿಯಲ್ಲಿ ಕಚ್ಚು ಇದೆ’ ಎಂದು ಬರೆದಿದ್ದ. ಒಂದೋ ಎರಡೋ ಎಂದು ಕೇಳಿದ್ದಕ್ಕೆ, “ಇದೆಯಾ ನೋಡು ಅಂದ್ರು, ನೋಡ್ದೆ. ಎಣಿಸು ಅಂತ ಯಾರು ಹೇಳಿದ್ರು?” ಎಂದಿದ್ದ. ಆಮೇಲೆ ಟಗರನ್ನು ಸಾಕ್ಷ್ಯವೆಂದು ಕಡತಕ್ಕೆ ಸೇರಿಸಿ, ಜೋಪಾನ ಮಾಡುವಂತೆ ರಸೀದಿ ಬರೆಸಿಕೊಂಡು, ಎಸೆನ್‌ಕುಲನ ಕೊಟ್ಟಿಗೆಯಲ್ಲೇ ಕಟ್ಟಿಸಿದರು. ಈಗ ಅದರ ಕಿವಿಯಲ್ಲಿ ಎರಡು ಕಚ್ಚಿವೆ ಎಂದು ಎಸೆನ್‌ಕುಲ್ ಹೇಳುತ್ತಿದ್ದ. ಕೋರ್ಟು ಖುದ್ದು ನೋಡಬೇಕಿತ್ತು.

ಕಾರಿನಲ್ಲಿ ನಾವು ನಾಲ್ವರು. ನ್ಯಾಯಾಧೀಶ ಓಮುರ್‌ಕಾನ್, ಪ್ರಾಸಿಕ್ಯೂಟರ್ ಗುಲ್‌ಬಾರ್ಚಿನ್, ಆರೋಪಿಯ ವಕೀಲ ತಾಬಲ್ದಿ, ನಾನು. ಓಮುರ್‌ಕಾನ್ ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ದಪ್ಪ ಮನುಷ್ಯ. ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದರು.

“ದೂರುದಾರನ ಮನೇಲಿ ಊಟ ಮಾಡಬಾರದು. ನೀರೂ ಕುಡಿಯಬಾರದು. ತಿಳೀತಾ?”

“ಆರೋಪಿ ಮನೇಲಿ?” ಎಂದ ತಾಬಲ್ದಿ.

“ಅಲ್ಲೂ ಇಲ್ಲ.”

“ಹಾಗಾದ್ರೆ ನಾವು ಸಂಜೆವರೆಗೆ ಉಪವಾಸ. ಸ್ವಾಮಿ, ನಾನು ಬೆಳಿಗ್ಗೆ ಚಹಾ ಮಾತ್ರ ಕುಡಿದಿದೀನಿ.”

“ನೀನು ಬರೀ ಚಹಾ ಕುಡಿದು ಬಂದಿರೋದೇ ಅಲ್ಲಿನ ಊಟಕ್ಕೆ ಜಾಗ ಇರಲಿ ಅಂತ,” ಎಂದಳು ಗುಲ್‌ಬಾರ್ಚಿನ್. ಅವಳು ಮೂವತ್ತರ ಹೆಂಗಸು, ಕಟ್ಟುನಿಟ್ಟಿನವಳು. ಮಡಿಲಲ್ಲಿ ಫೈಲನ್ನು ಮಗುವಿನಂತೆ ಹಿಡಿದುಕೊಂಡಿದ್ದಳು.

ಸೇತುವೆಯ ಬಳಿ ಎಸೆನ್‌ಕುಲ್ ಕುಮಿಸ್, ಅಂದರೆ ಹುಳಿ ಬರಿಸಿದ ಕುದುರೆ ಹಾಲು, ತುಂಬಿದ ಬಟ್ಟಲು ಹಿಡಿದು ನಿಂತಿದ್ದ. ಬೆಳಿಗ್ಗೆ ಏಳರಿಂದ ನಿಂತಿದ್ದನಂತೆ. ಅವನ ಪಕ್ಕದಲ್ಲಿ ಊರ ಹಿರಿಯ ತೊಲುಬಾಯ್, ಬಿಳಿ ಟೋಪಿ ಹಾಕಿಕೊಂಡು. ನ್ಯಾಯಾಧೀಶರು ಕಾರಿನಿಂದ ಇಳಿದು, ಬಟ್ಟಲು ಮುಟ್ಟದೆ, ಇಬ್ಬರ ಮನೆಗೂ ಬರುವುದಿಲ್ಲವೆಂದು ಹೇಳಿದರು.

ತೊಲುಬಾಯ್ ಗಡ್ಡ ನೀವಿಕೊಂಡು, “ಗೊತ್ತಿತ್ತು ನಮಗೆ. ಅದಕ್ಕೇ ಶಾಲೇಲಿ ಹಾಸಿದೀವಿ. ಮಾಂಸ, ಉಪ್ಪು ಎಸೆನ್‌ಕುಲನ ಮನೇದು. ರೊಟ್ಟಿ, ಸೌದೆ, ಚಹಾ ಜುಮಾಕದಿರನ ಮನೇದು. ಕುಯ್ದು ಬೇಯಿಸಿದ್ದೂ ಜುಮಾಕದಿರನೇ, ಅವನಷ್ಟು ಚೆನ್ನಾಗಿ ಕುಯ್ಯೋರು ಈ ಕಡೆ ಇಲ್ಲ. ಎರಡು ಕಡೆ ಋಣವೂ ಸಮ ಆಯ್ತು. ಇನ್ನೇನು ಕಾನೂನು ಬೇಕು?” ಎಂದ.

“ಮೊದಲು ಟಗರು ನೋಡೋಣ. ಆಮೇಲೆ ಊಟ.”

“ಮಾಂಸ ಇಳಿಸಿ ಆಗಿದೆ ಸ್ವಾಮಿ. ತಣ್ಣಗಾದ್ರೆ ಕೊಬ್ಬು ಕಟ್ಟುತ್ತೆ. ಟಗರು ಎಲ್ಲಿಗೆ ಹೋಗುತ್ತೆ?”

ಓಮುರ್‌ಕಾನ್ ನಮ್ಮ ಮುಖ ನೋಡಿದರು. ತಾಬಲ್ದಿ ಆಗಲೇ ಶಾಲೆಯ ಕಡೆ ನಡೆಯುತ್ತಿದ್ದ.

ಶಾಲೆಯ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಉದ್ದಕ್ಕೆ ಬಟ್ಟೆ ಹಾಸಿದ್ದರು. ಅದರ ಮೇಲೆ ರೊಟ್ಟಿ, ಕಾಯ್ಮಾಕ್ ಕೆನೆ, ಏಪ್ರಿಕಾಟ್. ಊರ ಹಿರಿಯರು ಆರು ಜನ ಕೂತಿದ್ದರು. ಉಳಿದ ಗಂಡಸರು ಕುರಿಗಳ ಜೊತೆ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಿದ್ದರಿಂದ, ಕೇಸಿನ ಇಬ್ಬರನ್ನು ಬಿಟ್ಟರೆ ಊರಲ್ಲಿದ್ದವರು ಅಷ್ಟೇ. ಜುಮಾಕದಿರ್ ಕೆಟಲು, ಬೋಗುಣಿ, ಟವೆಲು ಹಿಡಿದು ಬಂದು, ಪದ್ಧತಿಯಂತೆ ಒಬ್ಬೊಬ್ಬರ ಕೈಗೂ ನೀರು ಹಾಕತೊಡಗಿದ. ಉದ್ದ ಕೈಗಳ, ಒಣಗಿದ ಮುಖದ ಮನುಷ್ಯ. ನ್ಯಾಯಾಧೀಶರ ಕೈಗೆ ನೀರು ಹಾಕುವಾಗ ಕಣ್ಣೆತ್ತಲಿಲ್ಲ.

ಗುಲ್‌ಬಾರ್ಚಿನ್ ಬಗ್ಗಿ ನನ್ನ ಪಕ್ಕದ ತಾಬಲ್ದಿಗೆ ಪಿಸುಗುಟ್ಟಿದಳು. “ಆರೋಪಿ ನ್ಯಾಯಾಧೀಶರ ಕೈ ತೊಳೀತಿದಾನೆ. ನಾನು ಆಕ್ಷೇಪಿಸಬೇಕು ಅಲ್ವಾ?”

“ಆಕ್ಷೇಪಿಸು. ಮೊದಲು ಕೈ ಒರೆಸಿಕೋ.”

ಮಾಂಸ ಬಂತು. ನಮ್ಮಲ್ಲಿ ಯಾವ ಎಲುಬು ಯಾರಿಗೆ ಎಂಬುದನ್ನು ಯಾವ ಕಾನೂನು ಪುಸ್ತಕಕ್ಕಿಂತಲೂ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ತೊಡೆಯ ಎಲುಬು ಹಿರಿಯರಿಗೆ, ಬಾಲದ ಮೂಳೆ ಗುಲ್‌ಬಾರ್ಚಿನಳಿಗೆ, ಭುಜದ್ದು ತಾಬಲ್ದಿಗೆ. ಅವನು ತನ್ನದಕ್ಕೂ ತೊಲುಬಾಯನದಕ್ಕೂ ಕಣ್ಣಲ್ಲೇ ತೂಕ ಹಾಕಿದ. ತಲೆ ನ್ಯಾಯಾಧೀಶರಿಗೆ. ಉಣ್ಣೆಯನ್ನು ಬೆಂಕಿಯಲ್ಲಿ ಸುಟ್ಟು, ಕೆರೆದು, ಬೇಯಿಸಿದ್ದ ತಲೆ ಹೊಳೆಯುತ್ತಿತ್ತು. ಅದನ್ನು ತಟ್ಟೆಯಲ್ಲಿಟ್ಟು ತಂದ ಜುಮಾಕದಿರ್, ಮೂತಿ ಅತಿಥಿಯ ಕಡೆ ಇರುವಂತೆ ಇಟ್ಟು, ತಟ್ಟೆಯನ್ನು ಒಂದು ಬೆರಳಿನಷ್ಟು ತಿರುಗಿಸಿದ. ಟಗರಿನ ಬಲಗಿವಿ ನ್ಯಾಯಾಧೀಶರಿಗೆ ಮೊದಲು ಸಿಗುವಂತೆ ಮುಂದೆ ಬಂತು. ಆಗ ನನಗೆ ಅದು ಬರೀ ಅಚ್ಚುಕಟ್ಟುತನ ಅನ್ನಿಸಿತ್ತು.

ತಲೆ ಪಡೆದವನು ಕಿವಿಯನ್ನು ಕತ್ತರಿಸಿ ಪಂಕ್ತಿಯಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ ಕೊಡಬೇಕು. ಇಪ್ಪತ್ತಾರು ವಯಸ್ಸಿನ ನಾನೇ ಚಿಕ್ಕವನು.

“ತಗೋ ಕಾರ್ಯದರ್ಶಿ,” ಎಂದರು ಓಮುರ್‌ಕಾನ್. “ಹಿರಿಯರ ಮಾತು ಕೇಳೋ ಕಿವಿಯಾಗಲಿ. ಬರೆಯೋಕಿಂತ ಮುಂಚೆ.”

ಹಿರಿಯರು ನಕ್ಕರು. ನಾನು ಎರಡೂ ಕೈಯಲ್ಲಿ ಕಿವಿ ಪಡೆದೆ. ಬಾಯಿಗೆ ಒಯ್ಯುವಾಗ ನೋಡಿದೆ. ತುದಿಯಲ್ಲಿ ಒಂದು ಕಚ್ಚು. ಅಂಚುಗಳು ದುಂಡಗಾಗಿ, ದಪ್ಪಗಾಗಿ, ಕಿವಿ ಹುಟ್ಟಿದ್ದೇ ಹಾಗೆ ಅನ್ನುವಂತಿತ್ತು. ಹಿಂದಿನ ಅಂಚಿನಲ್ಲಿ ಇನ್ನೊಂದು. ಅದರ ಅಂಚು ನೇರ, ಚೂಪು, ಉದ್ದಕ್ಕೂ ತೆಳ್ಳನೆಯ ನಸುಗೆಂಪು ಗೆರೆ. ಉಣ್ಣೆ ಇದ್ದಿದ್ದರೆ ಎರಡೂ ಒಂದೇ ಥರ ಕಾಣುತ್ತಿದ್ದವು.

ನನ್ನ ಕೈ ನಿಂತಿತು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೊಟ್ಟ ಕಿವಿಯನ್ನು ತಿನ್ನದಿರುವುದು ಹಿರಿಯರಿಗೆ ಬೆನ್ನು ತೋರಿಸಿದ ಹಾಗೆ. ನನಗೆ ಸುಮ್ಮನಿರುವುದು ಅಭ್ಯಾಸ, ಅದರಿಂದಲೇ ನನಗೆ ಕೆಲಸ ಸಿಕ್ಕಿರುವುದು. ನುಂಗಿಬಿಟ್ಟರೆ ಎರಡೇ ನಿಮಿಷದ ಕೆಲಸ. ಆಮೇಲೆ ನೋಡಲು ಕಿವಿ ಇರುವುದಿಲ್ಲ, ಉಳಿಯುವುದು ಎಸೆನ್‌ಕುಲನ ಮಾತು, ಪೊಲೀಸಿನವನ ಎಣಿಸದ ಕಚ್ಚು, ಮೂರು ಪುಟ ‘ಉತ್ತರಿಸಲಿಲ್ಲ’. ಬಾಗಿಲ ಬಳಿ ಜುಮಾಕದಿರ್ ಕೆಟಲು ಹಿಡಿದು ನಿಂತಿದ್ದ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನು ನನ್ನ ಮುಖ ನೋಡುತ್ತಿದ್ದ.

“ತಿನ್ನೋ ತಮ್ಮಾ,” ಎಂದ ತೊಲುಬಾಯ್.

“ತಿನ್ನೋಕಾಗಲ್ಲ ಅಜ್ಜ.”

“ಹಲ್ಲು ನೋವಾ?”

“ಇದು ಫೈಲಿನಲ್ಲಿದೆ.”

ಯಾರಿಗೂ ಅರ್ಥವಾಗಲಿಲ್ಲ. ನಾನು ಕಿವಿಯನ್ನು ರೊಟ್ಟಿಯ ಮೇಲಿಟ್ಟು ನ್ಯಾಯಾಧೀಶರ ಮುಂದೆ ಸರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕಿವಿ ನೋಡಿದರು, ತಲೆ ನೋಡಿದರು, ತಮ್ಮ ಕೈಯಲ್ಲಿದ್ದ ಕೆನ್ನೆಯ ಮಾಂಸ ನೋಡಿದರು. ಅದನ್ನು ಮೆಲ್ಲನೆ ತಟ್ಟೆಯಲ್ಲಿಟ್ಟರು.

“ಎಸೆನ್‌ಕುಲ್,” ಎಂದರು. “ಸಾಕ್ಷ್ಯ ಎಲ್ಲಿದೆ?”

“ಕೊಟ್ಟಿಗೇಲಿ ಸ್ವಾಮಿ. ಊಟ ಆದ ಮೇಲೆ—” ಎಂದವನು ಕಿವಿಯನ್ನು ನೋಡಿ ನಿಲ್ಲಿಸಿದ. ಬಾಗಿಲಾಚೆ ಸೂಪಿನ ಕಡಾಯಿಯ ಬಳಿ ಅವನ ಹೆಂಡತಿ ಬುರುಲ್ ಇದ್ದಳು. “ಬುರುಲ್, ಯಾವುದನ್ನ ಕುಯ್ಸಿದೆ?”

“ಯಾವುದನ್ನ ಅಂದ್ರೆ? ಊರಲ್ಲಿದ್ದಿದ್ದೇ ಅದೊಂದು.”

“ಮೇಲಿಂದ ಒಂದನ್ನ ಕಳಿಸೋಕೆ ತಮ್ಮನಿಗೆ ಹೇಳು ಅಂದಿರಲಿಲ್ವಾ?”

“ಹುಲ್ಲುಗಾವಲು ಕುದುರೆ ಮೇಲೆ ಒಂದು ದಿನದ ದಾರಿ. ನಿನ್ನ ತಮ್ಮ ಬರೋವರೆಗೆ ಕೋರ್ಟು ನಿನ್ನ ಕುಮಿಸ್ ಕುಡ್ಕೊಂಡು ಸೇತುವೆ ಮೇಲೆ ಕೂತಿರುತ್ತಾ? ಎಲ್ಲ ಕುರಿನೂ ಮೇಲೆ ಹೋಯ್ತು, ಇದನ್ನ ಮಾತ್ರ ಕೇಸು ಮುಗಿಯೋವರೆಗೆ ಊರು ಬಿಡಿಸಬಾರದು ಅಂತ ಕಟ್ಟಿ ಹಾಕಿದ್ರು. ಬೇಸಿಗೆ ಪೂರ್ತಿ ತಿಂದಿದ್ದೇ ಅದರ ಕೆಲಸ. ಇಷ್ಟು ದಪ್ಪ ಟಗರು ಮನೇಲಿಟ್ಕೊಂಡು ನ್ಯಾಯಾಧೀಶರಿಗೆ ಕೋಳಿ ಬಡಿಸಲಾ? ಜನ ಏನಂತಾರೆ?”

ಹಿರಿಯರು ತಲೆಯಾಡಿಸಿದರು. ಕೋಳಿ ಬಡಿಸುವುದು ಆಗದ ಮಾತು.

ನ್ಯಾಯಾಧೀಶರು ಜುಮಾಕದಿರನ ಕಡೆ ತಿರುಗಿದರು. “ಕುಯ್ದವನು ನೀನು. ಇದು ಸಾಕ್ಷ್ಯ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ಹೇಳಬಾರದಿತ್ತಾ?”

ಅವನು ಕೆಟಲನ್ನು ಕೆಳಗಿಟ್ಟ. “ಇದನ್ನೇನಾ ಅಂತ ಅತ್ತಿಗೆಯನ್ನ ಎರಡು ಸಲ ಕೇಳ್ದೆ. ಅತಿಥಿಗಳು ಬಂದಿದಾರೆ ಅಂದ್ಲು.”

ಗುಲ್‌ಬಾರ್ಚಿನ್ ತನ್ನ ಬಾಲದ ಮೂಳೆಯನ್ನು ಕೆಳಗಿಟ್ಟು ಮುಖ ಮುಚ್ಚಿಕೊಂಡಿದ್ದಳು. “ನಾವು ಸಾಕ್ಷ್ಯ ನಾಶ ಮಾಡಿದೀವಿ. ಮೂವರೂ. ಅದೂ ಕಲಾಪದ ದಿನ.”

“ಪೂರ್ತಿ ಅಲ್ಲ,” ಎಂದ ತಾಬಲ್ದಿ ಬಾಯ್ತುಂಬ ಮಾಂಸ ಇಟ್ಟುಕೊಂಡು. “ನಾನು ನನ್ನ ಪಾಲಿನ ಪರಿಶೀಲನೆ ಇನ್ನೂ ಮುಗಿಸಿಲ್ಲ.”

“ನಾನು ಈ ಕೇಸಿಂದ ಹಿಂದೆ ಸರೀಬೇಕು,” ಎಂದರು ಓಮುರ್‌ಕಾನ್.

“ಸರೀರಿ ಸ್ವಾಮಿ,” ಎಂದ ತಾಬಲ್ದಿ. “ಹೊಸ ನ್ಯಾಯಾಧೀಶರು ಸಾಕ್ಷ್ಯ ತೋರಿಸಿ ಅಂತಾರೆ. ಏನು ತೋರಿಸ್ತೀರಿ, ಹೊಟ್ಟೇನಾ? ಸಂಜೆಗೆ ಕಿವಿನೂ ಕೆಡುತ್ತೆ. ಇವತ್ತು ನೋಡಿದವರು ನಾವೇ, ಇಲ್ಲೇ ಮುಗಿಸಿ.”

ನಾಲ್ಕು ತಿಂಗಳಲ್ಲಿ ತಾಬಲ್ದಿ ತನ್ನ ಕಕ್ಷಿದಾರನ ಪರವಾಗಿ ಆಡಿದ ಮೊದಲ ಮಾತು ಅದು. ಓಮುರ್‌ಕಾನ್ ಬೆರಳು ನೆಕ್ಕಿಕೊಂಡು, ಯೋಚಿಸಿ, ನನಗೆ ಸನ್ನೆ ಮಾಡಿದರು. ನಾನು ಕಾಗದ ತೆಗೆದು, ಪ್ರತಿ ಕಲಾಪದಲ್ಲೂ ಕೂಗುವುದನ್ನು ಕೂಗಿದೆ. “ಎಲ್ಲರೂ ಎದ್ದು ನಿಲ್ಲಬೇಕು. ನ್ಯಾಯಾಲಯ ಬರುತ್ತಿದೆ.”

“ಎಲ್ಲಿಂದ ಬರುತ್ತೆ? ಇಲ್ಲೇ ಕೂತಿದೆಯಲ್ಲ,” ಎಂದ ತೊಲುಬಾಯ್. “ಅದೂ ಅಲ್ದೆ, ಊಟ ಮುಗಿಸೋ ಆಶೀರ್ವಾದ ಆಗೋವರೆಗೆ ಹಾಸಿನಿಂದ ಏಳಬಾರದು. ನಾವು ಏಳಲ್ಲ.”

“ಕೂತಿರಿ,” ಎಂದರು ನ್ಯಾಯಾಧೀಶರು. ‘ನ್ಯಾಯಾಲಯದ ಅಪ್ಪಣೆಯಂತೆ ಎಲ್ಲರೂ ಕುಳಿತಿದ್ದರು’ ಎಂದು ಬರೆದುಕೊಂಡೆ. ಕಾಗದದ ಮೂಲೆಗೆ ನನ್ನ ಹೆಬ್ಬೆರಳಿನ ಎಣ್ಣೆ ಹತ್ತಿತು.

ಕಿವಿ ರೊಟ್ಟಿಯ ಮೇಲೆ ಕೂತು ಕೈಯಿಂದ ಕೈಗೆ ಹೋಯಿತು. ಆರು ಜನ ಹಿರಿಯರೂ ಕುರಿಯ ನಡುವೆಯೇ ಹುಟ್ಟಿ ಮುದುಕರಾದವರು. ಒಬ್ಬೊಬ್ಬರೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಂಚು ಸವರಿ, ಪಕ್ಕದವನಿಗೆ ಕೊಟ್ಟರು. ಕೊನೆಗೆ ಕಿವಿ ತೊಲುಬಾಯನ ಬಳಿ ನಿಂತಿತು.

“ಈ ತುದೀದು ಮರಿಯಾಗಿದ್ದಾಗ ಹಾಕಿದ್ದು,” ಎಂದ. “ಇನ್ನೊಂದು ಈ ವರ್ಷದ್ದು. ಹುಲ್ಲು ಚಿಗುರಿದ ಮೇಲಿಂದು.”

“ಮೊಳೆಗೆ ಸಿಕ್ಕಿ ಹರೀತು,” ಎಂದ ಎಸೆನ್‌ಕುಲ್. “ಕೊಟ್ಟಿಗೆ ಬಾಗಿಲಲ್ಲಿ ಮೊಳೆ ಇದೆ.”

“ಯಾವ ಮೊಳೆ?” ಎಂದಳು ಬುರುಲ್ ಬಾಗಿಲಿಂದ. ಸೌಟು ಕೈಯಲ್ಲೇ ಇತ್ತು. “ಪೊಲೀಸಿನೋರು ಗುರುತು ಹಾಕು ಅಂದಿದಾರೆ, ಬೇರೆ ಟಗರಿನ ಜೊತೆ ಬೆರೆತು ಹೋಗಬಾರದು ಅಂತ ನೀನೇ ಹೇಳಿದ್ಯಲ್ಲ. ನಾನೇ ತಲೆ ಹಿಡ್ಕೊಂಡಿದ್ದೆ. ನನ್ನ ಹೊಸ ಲಂಗಕ್ಕೆ ರಕ್ತ ಹತ್ತಿತು, ಮರೆತುಬಿಟ್ಯಾ?”

ಎಸೆನ್‌ಕುಲ್ ಹೆಂಡತಿಯನ್ನು ನೋಡಿದ. ಅವಳು ಅವನನ್ನು ನೋಡಿದಳು. ಅವಳ ಮುಖ ನಿಧಾನವಾಗಿ ಬದಲಾಯಿತು. ನಾನು ಆ ಬದಲಾವಣೆಯನ್ನು ಬರೆಯಲಿಲ್ಲ.

“ಪೊಲೀಸಿನೋರು ಹೇಳಿರಲಿಲ್ಲ ಅಲ್ವಾ?” ಎಂದಳು.

ಅವನು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. “ನನ್ನ ಟಗರು ಥೇಟ್ ಹೀಗೇ ಇತ್ತು. ಬಿಳಿ, ಹೀಗೇ ಅಗಲ ಹಣೆ. ಇದು ನಂದೇ ಅಂತ ಅನ್ನಿಸ್ತು. ಕಚ್ಚು ಮುಚ್ಚಿಹೋಗಿರಬೇಕು ಅಂದ್ಕೊಂಡೆ. ಮಾಸಿದ್ದನ್ನ ಸರಿಮಾಡ್ದೆ, ಅಷ್ಟೇ.”

“ಇಲ್ಲದ ಕಚ್ಚನ್ನ ಹೇಗೋ ಸರಿಮಾಡ್ತೀಯ?” ಎಂದ ತೊಲುಬಾಯ್. “ನಾಳೆ ನನ್ನ ಕುದುರೆಗೂ ಸರಿಮಾಡ್ತೀಯ. ಅದು ನಿನ್ನ ಕುದುರೆಗಿಂತ ಚೆನ್ನಾಗಿದೆ.”

ಇದರ ನಂತರ ಹೆಚ್ಚೇನೂ ಉಳಿದಿರಲಿಲ್ಲ. ಗುಲ್‌ಬಾರ್ಚಿನ್ ಕೈ ತೊಳೆದುಕೊಳ್ಳಬೇಕೆಂದಳು. ಎಣ್ಣೆ ಕೈಯಲ್ಲಿ ಆರೋಪ ಹಿಂತೆಗೆದುಕೊಳ್ಳಲಾರೆನೆಂದು ಹಟ ಹಿಡಿದಳು. ಜುಮಾಕದಿರನೇ ನೀರು ಹಾಕಿದ, ಟವೆಲು ಕೊಟ್ಟ. ಅವಳು ಒರೆಸಿಕೊಂಡು, ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿ, ಸರಕಾರ ಆರೋಪವನ್ನು ಹಿಂತೆಗೆದುಕೊಂಡಿದೆ ಎಂದಳು. ಓಮುರ್‌ಕಾನ್ ಮೊಕದ್ದಮೆ ಮುಗಿಯಿತೆಂದರು. ಜುಮಾಕದಿರ್ ಟವೆಲನ್ನು ಮಡಿಸುತ್ತಾ ನಿಂತ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದ.

“ಇನ್ನೊಂದಿದೆ,” ಎಂದೆ ನಾನು. “ಸಾಕ್ಷ್ಯವನ್ನ ಏನು ಮಾಡಲಾಯ್ತು ಅಂತ ಆದೇಶದಲ್ಲಿ ಬರೀಬೇಕು.”

“ಮಾಲೀಕನಿಗೆ ಹಿಂದಿರುಗಿಸಲಾಯಿತು ಅಂತ ಬರಿ,” ಎಂದರು ನ್ಯಾಯಾಧೀಶರು ತಟ್ಟೆ ನೋಡುತ್ತಾ. “ಅಲ್ಲ, ಏನನ್ನ ಹಿಂದಿರುಗಿಸೋಣ?”

ತಾಬಲ್ದಿ ತಾನು ನುಣ್ಣಗೆ ಮಾಡಿದ್ದ ಭುಜದ ಎಲುಬನ್ನು ಮೆಲ್ಲನೆ ಬಟ್ಟೆಯ ಅಡಿ ಸೇರಿಸಿದ.

“ಹಿಂದಿರುಗಿಸೋದೇನೂ ಬೇಡ,” ಎಂದ ಜುಮಾಕದಿರ್. ಅವನ ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. “ನನ್ನ ಟಗರು. ಬಂದವರಿಗೆ ಬಡಿಸಿದೀನಿ.”

ನಾನು ಅದನ್ನೇ ಬರೆದೆ. ‘ಸಾಕ್ಷ್ಯವನ್ನು ಮಾಲೀಕನಿಗೆ ಹಿಂದಿರುಗಿಸಲಾಯಿತು. ಮಾಲೀಕನು ಅದನ್ನು ಅತಿಥಿಗಳಿಗೆ ಬಡಿಸಿದನು.’ ಓಮುರ್‌ಕಾನ್ ಎರಡು ಸಲ ಓದಿ ಸಹಿ ಹಾಕಿದರು. ಸಹಿ ಹಾಕಿದ ಮೇಲೆ ಅವರ ಮುಖ ಗಂಭೀರವಾಯಿತು.

“ಎಸೆನ್‌ಕುಲ್, ಸಾಕ್ಷ್ಯಕ್ಕೆ ಕತ್ತರಿ ಹಾಕಿದ್ದು ಬೇರೆ ಕೇಸು. ಸಣ್ಣದಲ್ಲ.”

“ದೂರು ಬಂದ್ರೆ ಇಲ್ಲೇ ಬರ್ಕೋತೀನಿ,” ಎಂದಳು ಗುಲ್‌ಬಾರ್ಚಿನ್. ಹೊಸ ಕಾಗದವನ್ನು ತೆಗೆದೂ ಇಟ್ಟಿದ್ದಳು. ಅವಳ ಕೈ ಈಗ ಸ್ವಚ್ಛವಾಗಿತ್ತು.

ಎಲ್ಲರೂ ಜುಮಾಕದಿರನನ್ನು ನೋಡಿದರು. ಅವನು ಬಾಗಿಲಾಚೆ ಹೋದ. ಬುರುಲ್ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡಳು. ಅವನು ಕಡಾಯಿಯಿಂದ ಒಂದು ತೊಡೆಯ ಎಲುಬನ್ನು ತೆಗೆದು, ತಟ್ಟೆಯಲ್ಲಿಟ್ಟು ತಂದು, ಎಸೆನ್‌ಕುಲನ ಮುಂದೆ ಇಟ್ಟ. ಎಸೆನ್‌ಕುಲ್ ಅಲ್ಲಿಯವರೆಗೆ ಅತಿಥಿಗಳ ಓಡಾಟದಲ್ಲಿ ಏನನ್ನೂ ತಿಂದಿರಲಿಲ್ಲ. ಜುಮಾಕದಿರ್ ತನ್ನ ಚಾಕುವನ್ನು ಒರೆಸಿ, ಹಿಡಿ ಅವನ ಕಡೆ ಮಾಡಿ, ತಟ್ಟೆಯ ಪಕ್ಕ ಇಟ್ಟ.

ಆ ಕೋಣೆಯಲ್ಲಿದ್ದ ಯಾರಿಗೂ ವಿವರಿಸಬೇಕಿರಲಿಲ್ಲ. ತಿಂದರೆ ಅವನು ಜುಮಾಕದಿರನ ಟಗರನ್ನು ಜುಮಾಕದಿರನ ಕೈಯಿಂದ ತಿಂದಂತೆ, ಆರು ಹಿರಿಯರ ಮುಂದೆ. ಒಂದು ಸಲ ತಿಂದವನು ಆಮೇಲೆ ಯಾವತ್ತೂ ಅದು ನನ್ನದು ಅನ್ನಲಾರ. ತಿಂದವನ ಮೇಲೆ ಬಡಿಸಿದವನೂ ದೂರು ಕೊಡಲಾರ. ತಿನ್ನದಿದ್ದರೆ ಗುಲ್‌ಬಾರ್ಚಿನಳ ಕಾಗದ ಸಿದ್ಧವಾಗಿತ್ತು.

ಎಸೆನ್‌ಕುಲ್ ಎಲುಬನ್ನು ಬಹಳ ಹೊತ್ತು ನೋಡಿದ. ತಾಬಲ್ದಿಯೂ ಅಗಿಯುವುದನ್ನು ನಿಲ್ಲಿಸಿದ್ದ.

“ತಿನ್ನು,” ಎಂದಳು ಬುರುಲ್. “ತಣ್ಣಗಾಗುತ್ತೆ.”

ಅವನು ಚಾಕು ಎತ್ತಿಕೊಂಡ. ಮೊದಲು ಸಣ್ಣ ತುಂಡು, ಆಮೇಲೆ ದೊಡ್ಡದು. ತಲೆ ಬಗ್ಗಿಸಿಕೊಂಡು, ಶಿಕ್ಷೆ ಅನುಭವಿಸುವವನ ಹಾಗೆ ಒಂದೇ ಸಮನೆ ಅಗಿದ. ಗುಲ್‌ಬಾರ್ಚಿನ್ ಕಾಗದವನ್ನು ಮೆಲ್ಲಗೆ ಫೈಲಿನೊಳಗೆ ಸೇರಿಸಿದಳು. ಅರ್ಧ ಎಲುಬು ಬೋಳಾದ ಮೇಲೆ, ಏನಾದರೂ ಹೇಳಲೇಬೇಕೆಂದು ಅನ್ನಿಸಿತೋ ಏನೋ, ಅವನು ಯಾರನ್ನೂ ನೋಡದೆ ಮೆಲ್ಲನೆ ಅಂದ.

“ಉಪ್ಪು ಸ್ವಲ್ಪ ಕಡಿಮೆ.”

“ಉಪ್ಪೊಂದೇ ನಮ್ಮನೇದು,” ಎಂದಳು ಬುರುಲ್.

ಮೊದಲು ನಕ್ಕವನು ಜುಮಾಕದಿರ್. ಬಾಯಿಗೆ ಕೈ ಅಡ್ಡ ಹಿಡಿದು, ಸದ್ದಿಲ್ಲದೆ, ಭುಜ ಕುಣಿಸಿಕೊಂಡು ನಕ್ಕ. ಆಮೇಲೆ ಸೂಪು ತರಲು ಹೊರಗೆ ಹೋದ.